ಹತ್ತು ಡಾಲರ್ ಮುಂಗಡ, ಒಂದು ಸುಳ್ಳು ಹೆಸರು

ಮಹಾಯುದ್ಧಕ್ಕೆಂದು ತಯಾರಾದ ಹಳೆಯ ರಿವಾಲ್ವರ್. ಬೆಲೆ 29 ಡಾಲರ್ 95 ಸೆಂಟ್. ಮಾರಿದವರು ಹಣ ಎಣಿಸಿಕೊಂಡರು, ಕೊಂಡವನು ಯಾರೆಂದು ವಿಚಾರಿಸಲಿಲ್ಲ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಡಲ್ಲಾಸ್‌ನ ಬೀದಿಯಲ್ಲಿ ಮೂರು ಮಕ್ಕಳ ತಂದೆಯೊಬ್ಬ ಹೆಣವಾಗಿ ಬಿದ್ದ. ನವೆಂಬರ್ 22 ಬಂದಾಗಲೆಲ್ಲ ಜಗತ್ತು ಕೆನಡಿಯನ್ನು ನೆನೆಯುತ್ತದೆ. ಅದೇ ದಿನದ ಇನ್ನೊಂದು ಸಾವಿನ ಹಿಂದಿದ್ದ ಅಗ್ಗದ ವ್ಯಾಪಾರದ ಕಥೆ ಇಲ್ಲಿದೆ.

1963ರ ನವೆಂಬರ್ 22, ಶುಕ್ರವಾರ. ಮಧ್ಯಾಹ್ನ ಸುಮಾರು ಒಂದೂಕಾಲು ಗಂಟೆ.

ಅಮೆರಿಕದ ಡಲ್ಲಾಸ್ ನಗರದ ಓಕ್ ಕ್ಲಿಫ್ ಬಡಾವಣೆ. ಟೆನ್ತ್ ಸ್ಟ್ರೀಟ್ ಮತ್ತು ಪ್ಯಾಟನ್ ಅವೆನ್ಯೂ ಕೂಡುವ ಮೂಲೆಯ ಹತ್ತಿರ ಹತ್ತನೇ ನಂಬರಿನ ಪೊಲೀಸ್ ಕಾರು ನಿಧಾನವಾಗಿ ಬರುತ್ತಿದೆ. ಕಾರಿನಲ್ಲಿರುವುದು ಒಬ್ಬನೇ, ಗಸ್ತು ಪೊಲೀಸ್ ಜೆ.ಡಿ. ಟಿಪಿಟ್. ವಯಸ್ಸು 39. ಡಲ್ಲಾಸ್ ಪೊಲೀಸ್ ಇಲಾಖೆಯಲ್ಲಿ ಹನ್ನೊಂದು ವರ್ಷದ ಸೇವೆ.

ಮುಕ್ಕಾಲು ಗಂಟೆ ಹಿಂದೆ ಇದೇ ಊರಿನ ನಡುಭಾಗದಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿ ಮೇಲೆ ಗುಂಡು ಹಾರಿದೆ. ರೇಡಿಯೊದಲ್ಲಿ ಶಂಕಿತನ ಚಹರೆ ಬಿತ್ತರವಾಗುತ್ತಿದೆ: ತೆಳ್ಳನೆಯ ಮೈಕಟ್ಟು, ಮೂವತ್ತರ ಆಸುಪಾಸು.

ಪಾದಚಾರಿ ದಾರಿಯಲ್ಲಿ ಅಂಥದೇ ಮೈಕಟ್ಟಿನ ಒಬ್ಬ ನಡೆಯುತ್ತಿದ್ದಾನೆ. ಟಿಪಿಟ್ ಕಾರು ನಿಲ್ಲಿಸುತ್ತಾನೆ. ಆ ವ್ಯಕ್ತಿ ಬಂದು ಕಾರಿನ ಬಲಗಡೆಯ ಕಿಟಕಿಗೆ ಬಾಗಿ ಏನೋ ಮಾತಾಡುತ್ತಾನೆ. ಟಿಪಿಟ್ ಬಾಗಿಲು ತೆರೆದು ಇಳಿದು ಕಾರಿನ ಮುಂಭಾಗದತ್ತ ನಡೆಯುತ್ತಾನೆ.

ಜಾಕೆಟ್‌ನೊಳಗಿಂದ ಗಿಡ್ಡ ನಳಿಕೆಯ ರಿವಾಲ್ವರ್ ಹೊರಬರುತ್ತದೆ. ನಾಲ್ಕು ಗುಂಡುಗಳು ಟಿಪಿಟ್‌ನ ದೇಹ ಹೊಕ್ಕುತ್ತವೆ. ಅವನು ಅಲ್ಲೇ ಸಾಯುತ್ತಾನೆ.

ಹೊಡೆದವನು ಅಲ್ಲಿಂದ ಹೊರಟ. ಸಾಗುತ್ತಲೇ ರಿವಾಲ್ವರ್ ಬಿಚ್ಚಿ ಖಾಲಿ ಕಾಡತೂಸುಗಳನ್ನು ಒಂದೊಂದಾಗಿ ಕೊಡವಿದ. ಮೂಲೆಮನೆಯ ಅಂಗಳದ ಪೊದೆ, ಹುಲ್ಲಿನ ಮೇಲೆ ಅವು ಬಿದ್ದವು. ಅಕ್ಕಪಕ್ಕದವರು ನೋಡುತ್ತಲೇ ಇದ್ದರು.

ಸುಮಾರು ಮೂವತ್ತೈದು ನಿಮಿಷದ ನಂತರ, ಟಿಕೆಟ್ ಕೊಳ್ಳದೆ ಟೆಕ್ಸಾಸ್ ಥಿಯೇಟರ್ ಎಂಬ ಚಿತ್ರಮಂದಿರಕ್ಕೆ ನುಗ್ಗಿದ್ದ ಯುವಕನನ್ನು ಪೊಲೀಸರು ಹಿಡಿದರು. ಕುರ್ಚಿಗಳ ಸಾಲಿನ ನಡುವೆ ಕೈಕೈ ಮಿಲಾಯಿಸಿ ರಿವಾಲ್ವರ್ ಕಸಿದುಕೊಂಡರು. ಅದರಲ್ಲಿ ಆರು ಸಜೀವ ಗುಂಡುಗಳಿದ್ದವು, ಜೇಬಿನಲ್ಲಿ ಇನ್ನೂ ಐದು.

ಯುವಕನ ಹೆಸರು ಲೀ ಹಾರ್ವೆ ಆಸ್ವಾಲ್ಡ್. ಆದರೆ ಅವನ ಪರ್ಸಿನಲ್ಲಿ ಇನ್ನೊಂದು ಗುರುತಿನ ಚೀಟಿ ಇತ್ತು. ಫೋಟೊ ಅವನದೇ, ಹೆಸರು ಮಾತ್ರ ಬೇರೆ: ಹೈಡೆಲ್.

ಆ ರಿವಾಲ್ವರ್ ಅವನ ಕೈಗೆ ಬಂದದ್ದು ಈ ಎರಡನೆಯ ಹೆಸರಿನಲ್ಲಿ.

ಕೂಪನ್ ತುಂಬಿದ ಕೈ

ಆ ರಿವಾಲ್ವರ್ ತರಿಸಲು ಅದೇ ವರ್ಷ ತುಂಬಿದ ಆರ್ಡರ್ ಕೂಪನ್‌ನಲ್ಲಿ ಬರೆದ ತಾರೀಖು ಜನವರಿ 27. ಆಸ್ವಾಲ್ಡ್ ಆಗ ಡಲ್ಲಾಸ್‌ನ ಮುದ್ರಣ ಸಂಬಂಧಿ ಕಂಪನಿಯೊಂದರಲ್ಲಿ ಗಂಟೆಗೆ 1 ಡಾಲರ್ 35 ಸೆಂಟ್ ಕೂಲಿಗೆ ದುಡಿಯುತ್ತಿದ್ದ. ಹೆಂಡತಿ, ಎಳೆಯ ಮಗಳು, ಬಾಡಿಗೆ ಮನೆ. ಸೋವಿಯತ್ ಒಕ್ಕೂಟದಿಂದ ತಾಯ್ನಾಡಿಗೆ ಮರಳಲು ಅಮೆರಿಕದ ವಿದೇಶಾಂಗ ಇಲಾಖೆಯಿಂದ ಪಡೆದಿದ್ದ ಸಾಲವನ್ನು ಅವನು ಕಂತುಕಂತಾಗಿ ತೀರಿಸಿ ಮುಗಿಸಿದ್ದು ಅದೇ ತಿಂಗಳು.

ಸಾಲ ತೀರಿದ ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯುವಂತಾಯಿತು. ಅವನು ಕೂಪನ್ ತುಂಬಿದ.

ಲಾಸ್ ಏಂಜಲೀಸ್‌ನ ಸೀಪೋರ್ಟ್ ಟ್ರೇಡರ್ಸ್ ಎಂಬ ಕಂಪನಿ ಅಂಚೆ ಆರ್ಡರಿನ ಮೇಲೆ ಹಳೆಯ ಬಂದೂಕು, ರಿವಾಲ್ವರ್ ಮಾರುತ್ತಿತ್ತು. ಎರಡು ಇಂಚಿನ ನಳಿಕೆಯ ಸ್ಮಿತ್ ಅಂಡ್ ವೆಸನ್ ರಿವಾಲ್ವರಿನ ಬೆಲೆ 29 ಡಾಲರ್ 95 ಸೆಂಟ್. ಆಸ್ವಾಲ್ಡ್‌ನ ಲೆಕ್ಕದಲ್ಲಿ ಇಪ್ಪತ್ತೆರಡು ಗಂಟೆಯ ದುಡಿಮೆ, ಮೂರು ದಿನದ ಕೂಲಿ.

ಕೂಪನ್‌ನಲ್ಲಿ ಹೆಸರು ಎ.ಜೆ. ಹೈಡೆಲ್ ಎಂದಿತ್ತು. ವಯಸ್ಸು 28 ಎಂದಿತ್ತು. ಅವನಿಗೆ ಆಗಿದ್ದು 23. ವಿಳಾಸದ ಜಾಗದಲ್ಲಿ ಮನೆ ನಂಬರಿಲ್ಲ, ಬೀದಿಯ ಹೆಸರಿಲ್ಲ, ಡಲ್ಲಾಸ್ ಅಂಚೆ ಕಚೇರಿಯ 2915ನೇ ಪೆಟ್ಟಿಗೆ. ಒಂದು ಡಬ್ಬಿ ಗುಂಡು, ಒಂದು ಹೋಲ್‌ಸ್ಟರ್ ಬೇಕೆಂದೂ ಬರೆದು ಆಮೇಲೆ ಗೆರೆ ಎಳೆದು ಹೊಡೆದುಹಾಕಲಾಗಿತ್ತು.

ಆ ಕೂಪನ್‌ನಲ್ಲಿ ಸಾಕ್ಷಿಯ ಸಹಿಗೂ ಒಂದು ಜಾಗವಿತ್ತು. ಕೊಳ್ಳುವವನು ಅಮೆರಿಕದ ಪ್ರಜೆ, ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವನಲ್ಲ ಎಂದು ಬೇರೊಬ್ಬರು ದೃಢೀಕರಿಸಬೇಕಿತ್ತು. ಅಲ್ಲಿ ಡಿ.ಎಫ್. ಡ್ರಿಟಲ್ ಎಂಬ ಸಹಿ ಇದೆ.

ಕೆನಡಿ ಹತ್ಯೆಯ ತನಿಖೆಗೆ ನೇಮಕವಾದ ವಾರೆನ್ ಆಯೋಗದ ಮುಂದೆ ಬಂದ ಕೈಬರಹ ತಜ್ಞರು ಕೂಪನ್ನನ್ನು ಪರೀಕ್ಷಿಸಿದರು. ಹೈಡೆಲ್‌ನ ಬರಹವೂ ಡ್ರಿಟಲ್‌ನ ಸಹಿಯೂ ಒಂದೇ ಕೈಯವು, ಆ ಕೈ ಆಸ್ವಾಲ್ಡ್‌ನದು ಎಂದರು. ಕೊಳ್ಳುವವನೂ ಅವನೇ, ಅವನು ಒಳ್ಳೆಯವನೆಂದು ಹೇಳುವ ಸಾಕ್ಷಿಯೂ ಅವನೇ.

ಕೂಪನ್ ಜೊತೆ ಹತ್ತು ಡಾಲರ್ ನಗದು ಹೋಯಿತು. ಉಳಿದ ಹಣ ಸರಕು ಬಂದಾಗ. ನಮ್ಮಲ್ಲಿ ಪುಸ್ತಕ, ಕೈಗಡಿಯಾರಗಳನ್ನು ವಿ.ಪಿ.ಪಿ. ಮೂಲಕ ತರಿಸಿಕೊಳ್ಳುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ ಬಗೆ. ಮಾರ್ಚ್ 20ರಂದು ರಿವಾಲ್ವರ್ ಲಾಸ್ ಏಂಜಲೀಸ್‌ನಿಂದ ಹೊರಟಿತು.

ಅದೇ ಮಾರ್ಚ್ 20ರಂದು ಷಿಕಾಗೊದ ಇನ್ನೊಂದು ಅಂಗಡಿಯಿಂದ ಇನ್ನೊಂದು ಕಟ್ಟು ಅದೇ ಹೈಡೆಲ್ ಹೆಸರಿಗೆ, ಅದೇ 2915ನೇ ಪೆಟ್ಟಿಗೆಗೆ ಹೊರಟಿತು. ಅದರಲ್ಲಿದ್ದದ್ದು ದೂರದರ್ಶಕ ಜೋಡಿಸಿದ ಇಟಲಿಯ ಹಳೆಯ ರೈಫಲ್.

> ಕೊಂಡ ಲೆಕ್ಕ
>
> ರಿವಾಲ್ವರ್: ಸ್ಮಿತ್ ಅಂಡ್ ವೆಸನ್, ಸರಣಿ ಸಂಖ್ಯೆ ವಿ 510210. ಬೆಲೆ 29.95 ಡಾಲರ್. ಮುಂಗಡ 10 ಡಾಲರ್. ಸರಕು ಬಂದಾಗ ವಸೂಲಾದದ್ದು 19.95 ಡಾಲರ್ ಮತ್ತು ಸಾಗಣೆ 1.27 ಡಾಲರ್.
>
> ರೈಫಲ್: ಮಾನ್‌ಲಿಕರ್ ಕಾರ್ಕಾನೊ, ಸರಣಿ ಸಂಖ್ಯೆ ಸಿ 2766. ದೂರದರ್ಶಕ ಸೇರಿ 19.95 ಡಾಲರ್, ಅಂಚೆ ವೆಚ್ಚ 1.50 ಡಾಲರ್. ಮನಿಯಾರ್ಡರ್ ಮೂಲಕ ಪಾವತಿ.
>
> ಎರಡಕ್ಕೂ ಸೇರಿ: 52 ಡಾಲರ್ 67 ಸೆಂಟ್.

ಯುದ್ಧದಿಂದ ಅಂಗಡಿಗೆ

ಈ ರಿವಾಲ್ವರಿನ ಹುಟ್ಟು ಎರಡನೇ ಮಹಾಯುದ್ಧದ ಕಾಲದ್ದು. ಸರಣಿ ಸಂಖ್ಯೆಯ ಮುಂದಿನ 'ವಿ' ಅಕ್ಷರ ವಿಕ್ಟರಿ, ಅಂದರೆ ವಿಜಯದ ಗುರುತು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ಮಿತ್ ಅಂಡ್ ವೆಸನ್ ಕಾರ್ಖಾನೆ ಈ ಮಾದರಿಯನ್ನು ಲಕ್ಷಗಟ್ಟಲೆ ತಯಾರಿಸಿತು. ಹಿಟ್ಲರ್‌ನ ವಿರುದ್ಧ ಸೆಣಸುತ್ತಿದ್ದ ಬ್ರಿಟನ್ ಮತ್ತದರ ಜೊತೆಗಾರ ದೇಶಗಳಿಗೆ ಅವು ಹಡಗೇರಿ ಹೋದವು. ಬ್ರಿಟಿಷರ ಗುಂಡಿಗೆ ಹೊಂದುವಂತೆ ಗೂಡು, ಐದು ಇಂಚಿನ ನಳಿಕೆ, ಹೊಳಪಿಲ್ಲದ ಮೈ.

ಯುದ್ಧ ಮುಗಿಯಿತು. ಸೈನಿಕರು ಮನೆಗೆ ಹೋದರು, ಆಯುಧಗಳು ಉಗ್ರಾಣದಲ್ಲಿ ಉಳಿದವು. ಸರ್ಕಾರಗಳಿಗೆ ಅವು ಹೊರೆ, ವ್ಯಾಪಾರಿಗಳಿಗೆ ಮಾಲು. ಯುರೋಪಿನ ಸೇನೆಗಳ ಹಳೆಯ ಬಂದೂಕುಗಳು ಅಟ್ಟಿಗಟ್ಟಲೆ ಅಮೆರಿಕದ ಬಂದರುಗಳಲ್ಲಿ ಇಳಿದವು. ವಿ 510210 ಸಂಖ್ಯೆಯ ರಿವಾಲ್ವರ್ ಕೆನಡಾದ ಮಾಂಟ್ರಿಯಲ್‌ನ ಸಗಟು ವ್ಯಾಪಾರಿಯೊಬ್ಬನ ಕೈ ದಾಟಿ 1963ರ ಜನವರಿಯ ಆರಂಭದಲ್ಲಿ ಲಾಸ್ ಏಂಜಲೀಸ್‌ಗೆ ಸಾಗಿತು.

ಸೈನಿಕನ ಸೊಂಟಕ್ಕೆ ಐದು ಇಂಚಿನ ನಳಿಕೆ ಸರಿ. ಪೇಟೆಯಲ್ಲಿ ಬೇಡಿಕೆ ಇದ್ದದ್ದು ಕೋಟಿನೊಳಗೆ ಅಡಗುವ ಗಿಡ್ಡ ರಿವಾಲ್ವರಿಗೆ. ಹಾಗಾಗಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನ ಬಂದೂಕು ಕೆಲಸದವನೊಬ್ಬ ನಳಿಕೆಯನ್ನು ಎರಡೂಕಾಲು ಇಂಚಿಗೆ ಕತ್ತರಿಸಿದ. ಬ್ರಿಟಿಷ್ ಗುಂಡು ಅಮೆರಿಕದ ಅಂಗಡಿಗಳಲ್ಲಿ ಸುಲಭವಾಗಿ ಸಿಗದು. ಹಾಗಾಗಿ ಎಲ್ಲೆಡೆ ಸಿಗುವ '.38 ಸ್ಪೆಷಲ್' ಗುಂಡು ಕೂರುವಂತೆ ಗೂಡನ್ನು ಆಳಕ್ಕೆ ಕೊರೆದ.

ಹಳೆಯ ಮಾಲನ್ನು ಹೊಸ ಗಿರಾಕಿಗೆ ಒಗ್ಗಿಸುವ ಈ ರಿಪೇರಿಯಲ್ಲಿ ಒಂದು ಊನ ಉಳಿಯಿತು. ಅದು ಮುಂದೆ ತನಿಖೆಗೆ ಅಡ್ಡ ಬರಲಿತ್ತು.

ಅಂಚೆಗೆ ಬೀಗ, ಎಕ್ಸ್‌ಪ್ರೆಸ್‌ಗೆ ಬಾಗಿಲು

ರೈಫಲ್ ಅಂಚೆಯಲ್ಲಿ ಬಂತು. ರಿವಾಲ್ವರ್ ಬಂದದ್ದು ರೈಲ್ವೆ ಎಕ್ಸ್‌ಪ್ರೆಸ್ ಏಜೆನ್ಸಿ ಎಂಬ ಖಾಸಗಿ ಸಾಗಣೆ ಸಂಸ್ಥೆಯ ಮೂಲಕ. ಈ ವ್ಯತ್ಯಾಸದ ಹಿಂದೆ ಆಗ 36 ವರ್ಷ ಹಳೆಯದಾಗಿದ್ದ ಒಂದು ಅರೆಬರೆ ಕಾನೂನು ಇತ್ತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಹಳ್ಳಿಯ ರೈತ ಬಿತ್ತನೆ ಬೀಜ, ಹೊಲಿಗೆ ಯಂತ್ರ, ಕೋಟು, ಬೂಟುಗಳನ್ನೆಲ್ಲ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸುತ್ತಿದ್ದ. ಸಿಯರ್ಸ್ ರೋಬಕ್ ಕಂಪನಿಯ ದಪ್ಪ ಕ್ಯಾಟಲಾಗ್‌ನಲ್ಲಿ ರಿವಾಲ್ವರ್‌ಗೂ ಪುಟಗಳಿದ್ದವು. ನಗರಗಳಲ್ಲಿ ಕೊಲೆ, ದರೋಡೆ ಹೆಚ್ಚಿದಾಗ 1927ರಲ್ಲಿ ಸಂಸತ್ತು ಒಂದು ಕಾನೂನು ತಂದಿತು. ಬಟ್ಟೆಯೊಳಗೆ ಬಚ್ಚಿಡಬಹುದಾದ ಆಯುಧವನ್ನು ಸರ್ಕಾರಿ ಅಂಚೆಯಲ್ಲಿ ಸಾರ್ವಜನಿಕರಿಗೆ ಕಳಿಸುವಂತಿಲ್ಲ ಎಂದಿತು.

ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳ ಮಾತನ್ನು ಅದು ಎತ್ತಲಿಲ್ಲ. ವ್ಯಾಪಾರಿಗಳು ಅಂಚೆ ಕಚೇರಿಯ ಬದಲು ಪಕ್ಕದ ಕೌಂಟರಿಗೆ ಹೋದರು.

1938ರಲ್ಲಿ ಮತ್ತೊಂದು ಕಾನೂನು ಬಂತು. ಬಂದೂಕು ವ್ಯಾಪಾರಿ ಒಕ್ಕೂಟ ಸರ್ಕಾರದಿಂದ ಪರವಾನಗಿ ಪಡೆಯಬೇಕು, ಕೊಂಡವರ ಹೆಸರು ಬರೆದಿಡಬೇಕು. ವ್ಯಾಪಾರಿಯ ಪರವಾನಗಿ ಶುಲ್ಕ ವರ್ಷಕ್ಕೆ ಒಂದು ಡಾಲರ್. ಕೊಂಡವನು ಕೊಟ್ಟ ಹೆಸರು ನಿಜವೋ ಸುಳ್ಳೋ ಎಂದು ನೋಡುವ ಏರ್ಪಾಡು ಇರಲಿಲ್ಲ.

ಆಸ್ವಾಲ್ಡ್‌ನ ಕೂಪನ್ ನುಸುಳಿದ್ದು ಈ ಸಂದಿಯಲ್ಲಿ. ಇಂಥ ಸಂದಿ ಇರುವ ವಿಚಾರ ಯಾರಿಗೂ ತಿಳಿಯದ್ದೇನಲ್ಲ. ಕನೆಕ್ಟಿಕಟ್‌ನ ಸೆನೆಟರ್ ಥಾಮಸ್ ಡಾಡ್ ನೇತೃತ್ವದ ಸೆನೆಟ್ ಉಪಸಮಿತಿ 1961ರಿಂದಲೇ ಅಂಚೆ ಆರ್ಡರಿನ ಬಂದೂಕು ವ್ಯಾಪಾರವನ್ನು ತನಿಖೆ ಮಾಡುತ್ತಿತ್ತು. ಹದಿಹರೆಯದವರು, ಜೈಲು ಕಂಡವರು ಮನೆ ಬಾಗಿಲಿಗೇ ರಿವಾಲ್ವರ್ ತರಿಸಿಕೊಳ್ಳುತ್ತಿದ್ದುದು ಅದರ ಕಣ್ಣಿಗೆ ಬಿದ್ದಿತ್ತು. 1963ರ ಆಗಸ್ಟ್‌ನಲ್ಲಿ ಡಾಡ್ ಇದಕ್ಕೆ ಕಡಿವಾಣ ಹಾಕುವ ಮಸೂದೆ ಮಂಡಿಸಿದರು.

ಮಸೂದೆ ಸಮಿತಿಯ ಮೇಜಿನ ಮೇಲೆ ಕೂತಿತ್ತು. ಆಗಸ್ಟ್ ಹೋಯಿತು, ಅಕ್ಟೋಬರ್ ಹೋಯಿತು, ನವೆಂಬರ್ 22 ಬಂತು.

ಖಾಲಿ ಕಾಡತೂಸುಗಳ ಸಾಕ್ಷಿ

ಪಿಸ್ತೂಲು ಹಾರಿದಾಗ ಖಾಲಿ ಕಾಡತೂಸು ತಾನಾಗಿ ಹೊರಕ್ಕೆ ಚಿಮ್ಮುತ್ತದೆ. ರಿವಾಲ್ವರಿನಲ್ಲಿ ಹಾಗಲ್ಲ. ಖಾಲಿಯಾದವು ತಿರುಗುವ ಉರುಳೆಯ ಗೂಡುಗಳಲ್ಲೇ ಉಳಿಯುತ್ತವೆ. ಕೈಯಿಂದ ಕೊಡವಿದರೆ ಮಾತ್ರ ಬೀಳುತ್ತವೆ. ಟೆನ್ತ್ ಸ್ಟ್ರೀಟ್‌ನಲ್ಲಿ ಹಂತಕ ಮಾಡಿದ್ದು ಅದನ್ನೇ. ಮತ್ತೆ ಗುಂಡು ತುಂಬುವ ಅವಸರದಲ್ಲಿ ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ಹುಲ್ಲಿನ ಮೇಲೆ ಚೆಲ್ಲಿದ. ನಾಲ್ಕು ಖಾಲಿ ಕಾಡತೂಸುಗಳು ಪೊಲೀಸರಿಗೆ ಸಿಕ್ಕವು.

ವ್ಯಾನ್ ನೈಸ್‌ನ ರಿಪೇರಿಯ ಊನ ಅಡ್ಡ ಬಂದದ್ದು ಇಲ್ಲಿ. ಬ್ರಿಟಿಷ್ ಗುಂಡಿಗಾಗಿ ಮಾಡಿದ ಗೂಡು ತುಸು ಅಗಲ, '.38 ಸ್ಪೆಷಲ್' ಕಾಡತೂಸು ತುಸು ಸಣಕಲು. ಹೊಡೆದಾಗ ಆ ಸಡಿಲ ಗೂಡಿನಲ್ಲಿ ಕಾಡತೂಸಿನ ಬುಡ ಉಬ್ಬುತ್ತದೆ. ನಳಿಕೆಯೂ ಗುಂಡಿಗಿಂತ ಸ್ವಲ್ಪ ದೊಡ್ಡದಾದ್ದರಿಂದ ಗುಂಡು ಅದರೊಳಗೆ ಒಂದೇ ರೀತಿ ಉಜ್ಜಿಕೊಂಡು ಹೋಗುವುದಿಲ್ಲ.

ಇದರ ಫಲ ತನಿಖೆಯಲ್ಲಿ ಕಂಡಿತು. ಟಿಪಿಟ್ ದೇಹದಿಂದ ತೆಗೆದ ಗುಂಡುಗಳ ಮೇಲಿನ ಗೀರು ನೋಡಿ ಇವು ಇದೇ ರಿವಾಲ್ವರಿನವು ಎಂದು ಖಚಿತವಾಗಿ ಹೇಳಲು ಎಫ್‌ಬಿಐ ತಜ್ಞರಿಗೆ ಆಗಲಿಲ್ಲ. ಆದರೆ ಖಾಲಿ ಕಾಡತೂಸುಗಳ ವಿಷಯದಲ್ಲಿ ಅನುಮಾನ ಉಳಿಯಲಿಲ್ಲ. ಹಿಂಬದಿಯಲ್ಲಿ ಮೂಡಿದ ಸೂಕ್ಷ್ಮ ಗುರುತುಗಳ ಆಧಾರದ ಮೇಲೆ ನಾಲ್ಕೂ ವಿ 510210ರಿಂದಲೇ, ಬೇರೆ ಯಾವುದರಿಂದಲೂ ಅಲ್ಲ, ಎಂದು ತಜ್ಞರು ಹೇಳಿದರು.

ಈ ವಿದ್ಯೆ ಕನ್ನಡಿಗರಿಗೆ ಅಪರಿಚಿತವಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲು ಎಂಬ ನಿರ್ಣಯಕ್ಕೆ ತನಿಖಾ ತಂಡ ಬಂದದ್ದು ವಿಧಿವಿಜ್ಞಾನ ಪ್ರಯೋಗಾಲಯದ ಇಂಥದೇ ಹೋಲಿಕೆಯಿಂದ. ಆದರೆ ನಾಡಪಿಸ್ತೂಲಿಗೆ ಕಾರ್ಖಾನೆಯ ಸರಣಿ ಸಂಖ್ಯೆ ಇಲ್ಲ, ಬಿಲ್ಲು ಇಲ್ಲ, ಕೊಂಡವನ ಹೆಸರಿನ ಪುಸ್ತಕವಿಲ್ಲ.

ಡಲ್ಲಾಸ್‌ನ ಆಯುಧಗಳಿಗೆ ಇವೆಲ್ಲ ಇದ್ದವು. ರೈಫಲ್ ಮಾರಿದ ಷಿಕಾಗೊದ ಕಂಪನಿಯವರು ಆ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಕಡತ ಶೋಧಿಸಿ ಹೈಡೆಲ್‌ನ ಆರ್ಡರ್ ಹೊರತೆಗೆದರು. ಅಧ್ಯಕ್ಷ ಸತ್ತ ಮೇಲೆ ಆರು ಗಂಟೆಯ ಹುಡುಕಾಟ ಸಾಕಾಯಿತು. ಮಾರುವ ಮುನ್ನ ಆರು ನಿಮಿಷದ ವಿಚಾರಣೆ ಯಾರ ಕರ್ತವ್ಯವೂ ಆಗಿರಲಿಲ್ಲ.

ಸುಳ್ಳು ಹೆಸರು ಯಾಕೆ ಬೇಕಿತ್ತು?

ಆಸ್ವಾಲ್ಡ್ ನಿಜ ಹೆಸರು ಬರೆದಿದ್ದರೆ ರಿವಾಲ್ವರ್ ಸಿಗುತ್ತಿರಲಿಲ್ಲವೆ? ಪ್ರಾಮಾಣಿಕವಾಗಿ ಹೇಳುವುದಾದರೆ, ಅಂದಿನ ಕಾನೂನಿನಲ್ಲಿ ಸಿಗುತ್ತಿತ್ತು. ಅವನು ಕಳ್ಳತನ, ಕೊಲೆಯಲ್ಲಿ ಜೈಲು ಕಂಡವನಲ್ಲ.

ಅವನ ದಾಖಲೆ ಪೂರ್ತಿ ಶುಭ್ರವೂ ಆಗಿರಲಿಲ್ಲ. ನೌಕಾಪದಾತಿ ದಳದಲ್ಲಿದ್ದಾಗ, 1957ರಲ್ಲಿ ಜಪಾನಿನ ನೆಲೆಯಲ್ಲಿ, ಅನುಮತಿಯಿಲ್ಲದೆ ಇಟ್ಟುಕೊಂಡಿದ್ದ ಸಣ್ಣ ಪಿಸ್ತೂಲಿನಿಂದ ತನ್ನ ಮೊಣಕೈಗೇ ಗುಂಡು ಹಾರಿಸಿಕೊಂಡಿದ್ದ. ನೋಂದಣಿಯಿಲ್ಲದ ಆಯುಧ ಹೊಂದಿದ್ದಕ್ಕಾಗಿ ಸೇನಾ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದಿತ್ತು. ನಿಜ ಹೆಸರಿನ ಎಳೆ ಹಿಡಿದು ಹೊರಟವರಿಗೆ ಇದು ಸಿಗುತ್ತಿತ್ತು.

ಕೇಳುವವರು ಇಲ್ಲದಿದ್ದರೂ ಅವನು ಹೆಸರು ಬದಲಿಸಿದ. ಮುಂದೊಂದು ದಿನ ಕೇಳಿಯಾರು ಎಂಬ ಅಂಜಿಕೆ ಅವನಲ್ಲಿದ್ದಿರಬೇಕು. ಹಂತಕನಿಗಿದ್ದ ಈ ಎಚ್ಚರಿಕೆ ಕಾನೂನಿಗೆ ಇರಬೇಕಿತ್ತು.

ಸರಕು ಕೈಸೇರಿದ ಮೇಲೆ, ಮಾರ್ಚ್ 31ರಂದು, ಅವನು ಬಾಡಿಗೆ ಮನೆಯ ಹಿತ್ತಲಲ್ಲಿ ನಿಂತು ಹೆಂಡತಿಯಿಂದ ಫೋಟೊ ತೆಗೆಸಿಕೊಂಡ. ಕೈಯಲ್ಲಿ ರೈಫಲ್, ಸೊಂಟದಲ್ಲಿ ರಿವಾಲ್ವರ್. ಏಪ್ರಿಲ್ 10ರ ರಾತ್ರಿ ನಿವೃತ್ತ ಸೇನಾಧಿಕಾರಿ ಎಡ್ವಿನ್ ವಾಕರ್ ಮನೆಯ ಕಿಟಕಿಯತ್ತ ಗುಂಡು ಹಾರಿಸಿದವನೂ ಅವನೇ ಎಂದು ವಾರೆನ್ ಆಯೋಗ ತೀರ್ಮಾನಿಸಿತು. ಆ ಗುಂಡು ಗುರಿ ತಪ್ಪಿತ್ತು. ನವೆಂಬರ್ 22ರಂದು ಗುರಿ ತಪ್ಪಲಿಲ್ಲ.

> ಮೂರನೆಯ ಆಯುಧ
>
> ನವೆಂಬರ್ 24ರಂದು ಡಲ್ಲಾಸ್ ಪೊಲೀಸ್ ಕೇಂದ್ರದ ನೆಲಮಾಳಿಗೆಯಲ್ಲಿ, ಟಿವಿ ಕ್ಯಾಮೆರಾಗಳ ಎದುರೇ, ಜಾಕ್ ರೂಬಿ ಎಂಬ ನೈಟ್‌ಕ್ಲಬ್ ಮಾಲೀಕ ಆಸ್ವಾಲ್ಡ್‌ನನ್ನು ಕೊಂದ. ಅವನ ಕೈಯಲ್ಲಿದ್ದದ್ದು ಕೋಲ್ಟ್ ಕೋಬ್ರಾ ರಿವಾಲ್ವರ್. 1960ರಲ್ಲಿ ಡಲ್ಲಾಸ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ 62 ಡಾಲರ್ 50 ಸೆಂಟಿಗೆ ಕೊಂಡದ್ದು.
>
> 1991ರಲ್ಲಿ ಅದು ಹರಾಜಾಯಿತು. ಹೋದ ಬೆಲೆ 2 ಲಕ್ಷ 20 ಸಾವಿರ ಡಾಲರ್.
>
> ಆಸ್ವಾಲ್ಡ್‌ನ ರೈಫಲ್, ರಿವಾಲ್ವರ್‌ಗಳ ಹಕ್ಕನ್ನೂ ತೈಲ ಉದ್ಯಮಿಯೊಬ್ಬ ಅವನ ವಿಧವೆಯಿಂದ ಕೊಂಡಿದ್ದ. 1965ರಲ್ಲಿ ಸಂಸತ್ತು ವಿಶೇಷ ಕಾನೂನು ಮಾಡಿ ಇಂಥ ಸಾಕ್ಷ್ಯವಸ್ತುಗಳನ್ನು ಸರ್ಕಾರದ ವಶಕ್ಕೆ ಪಡೆಯಲು ದಾರಿ ಮಾಡಿತು. ಈಗ ಅವೆರಡೂ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಐದು ವರ್ಷ, ಮತ್ತೆರಡು ಹೆಣ

ಕೆನಡಿ ಹತ್ಯೆಯ ಮರುವಾರವೇ ಡಾಡ್ ತಮ್ಮ ಮಸೂದೆಗೆ ರೈಫಲ್‌ಗಳನ್ನೂ ಸೇರಿಸಿದರು. ದೇಶ ಶೋಕದಲ್ಲಿತ್ತು. ಇನ್ನೇನು ಕಾನೂನು ಆಗಿಯೇ ಬಿಟ್ಟಿತು ಎಂದು ಅನೇಕರು ನಂಬಿದ್ದರು. ಮಸೂದೆ ಸಮಿತಿಯಿಂದ ಹೊರಬರಲೇ ಇಲ್ಲ. ಬಂದೂಕು ಪ್ರಿಯರ ಪತ್ರಗಳು ಸಂಸತ್ ಸದಸ್ಯರ ಮೇಜು ತುಂಬಿದವು. 1964 ಹೋಯಿತು, 65 ಹೋಯಿತು.

1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ರೈಫಲ್ ಗುಂಡಿಗೆ ಬಲಿಯಾದರು. ಆ ರೈಫಲ್ಲನ್ನೂ ಹಂತಕ ಸುಳ್ಳು ಹೆಸರು ಕೊಟ್ಟು ಅಂಗಡಿಯಿಂದ ಕೊಂಡಿದ್ದ.

ಎರಡು ತಿಂಗಳ ನಂತರ, ಜೂನ್ 5ರ ಮಧ್ಯರಾತ್ರಿ ಕಳೆದ ಮೇಲೆ, ಲಾಸ್ ಏಂಜಲೀಸ್‌ನ ಹೋಟೆಲಿನ ಅಡುಗೆಮನೆಯ ಓಣಿಯಲ್ಲಿ ಜಾನ್ ಕೆನಡಿಯ ತಮ್ಮ ರಾಬರ್ಟ್ ಕೆನಡಿಗೆ ಗುಂಡು ಬಿತ್ತು. ಹಂತಕ ಸಿರ್ಹಾನ್‌ನ ಕೈಯಲ್ಲಿದ್ದದ್ದು ಐವರ್ ಜಾನ್ಸನ್ ಕಂಪನಿಯ .22 ರಿವಾಲ್ವರ್. ಅದರ ಕಥೆ ಮನಸ್ಸನ್ನು ಕಲಕುತ್ತದೆ. 1965ರಲ್ಲಿ ಅದೇ ನಗರದ ವಾಟ್ಸ್ ಬಡಾವಣೆಯಲ್ಲಿ ನಡೆದ ಗಲಭೆಗೆ ಹೆದರಿದ ವೃದ್ಧರೊಬ್ಬರು ಮನೆಯ ರಕ್ಷಣೆಗೆಂದು ಅದನ್ನು ಕೊಂಡಿದ್ದರು. ಆಮೇಲೆ ಮಗಳಿಗೆ ಕೊಟ್ಟರು. ಆಕೆ ಮನೆಯಲ್ಲಿ ಬೇಡವೆಂದು ಪಕ್ಕದ ಮನೆಯ ಹುಡುಗನಿಗೆ ಕೊಟ್ಟಳು. ಅವನಿಂದ ಅದು 25 ಡಾಲರಿಗೆ ಸಿರ್ಹಾನ್‌ನ ತಮ್ಮನ ಕೈ ಸೇರಿತು.

ಆ ಸರಪಳಿಯಲ್ಲಿ ಕೆಟ್ಟ ಉದ್ದೇಶ ಇದ್ದವನು ಕೊನೆಯವನೊಬ್ಬನೇ. ಉಳಿದವರು ನಮ್ಮ ನಿಮ್ಮಂಥ ಗೃಹಸ್ಥರು. ಬೇಡದ ವಸ್ತುವನ್ನು ಕೈ ದಾಟಿಸಿದರು, ಅಷ್ಟೆ.

1968ರ ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ಸಾಮಾನ್ಯ ಗಿರಾಕಿಗೆ ನೇರವಾಗಿ ಬಂದೂಕು ಕಳಿಸುವ ವ್ಯಾಪಾರ ನಿಂತಿತು. ವಿದೇಶಿ ಸೇನೆಗಳ ಹಳೆಯ ಆಯುಧಗಳ ಆಮದಿಗೆ ತಡೆ ಬಿತ್ತು. ಪ್ರತಿ ಬಂದೂಕಿಗೂ ಸರಣಿ ಸಂಖ್ಯೆ ಕಡ್ಡಾಯವಾಯಿತು. ಡಾಡ್ ಮೊದಲ ಮಸೂದೆ ಮಂಡಿಸಿ ಐದು ವರ್ಷ ಎರಡು ತಿಂಗಳಾಗಿತ್ತು.

ಎಲ್ಮ್ ಸ್ಟ್ರೀಟ್‌ನ ಗಿರವಿ ಅಂಗಡಿ

ಕಾನೂನಿನಲ್ಲಿ ಸಂದಿ ಉಳಿದರೆ ಗುಂಡು ಅದನ್ನು ಹುಡುಕಿಕೊಂಡು ಬರುತ್ತದೆ.

1968ರ ಕಾಯ್ದೆ ಸಣ್ಣ, ಕಳಪೆ ಕೈಬಂದೂಕುಗಳ ಆಮದನ್ನು ತಡೆಯಿತು. ಬಿಡಿಭಾಗಗಳ ಆಮದನ್ನು ತಡೆಯಲಿಲ್ಲ. ಜರ್ಮನಿಯ ರೋಮ್ ಕಂಪನಿಯ ಬಿಡಿಭಾಗಗಳು ಮಯಾಮಿಗೆ ಬಂದು ಅಲ್ಲಿ ರಿವಾಲ್ವರ್ ಆಗಿ ಜೋಡಣೆಯಾದವು. ಅಂಥದೊಂದನ್ನು 1980ರ ಅಕ್ಟೋಬರ್‌ನಲ್ಲಿ ಜಾನ್ ಹಿಂಕ್ಲಿ ಎಂಬ ಯುವಕ ಡಲ್ಲಾಸ್‌ನ ಗಿರವಿ ಅಂಗಡಿಯಲ್ಲಿ 47 ಡಾಲರಿಗೆ ಕೊಂಡ. ಆ ಅಂಗಡಿ ಇದ್ದದ್ದು ಎಲ್ಮ್ ಸ್ಟ್ರೀಟ್‌ನಲ್ಲಿ. ಜಾನ್ ಕೆನಡಿಗೆ ಗುಂಡು ಬಿದ್ದದ್ದೂ ಅದೇ ಎಲ್ಮ್ ಸ್ಟ್ರೀಟ್‌ನಲ್ಲಿ.

1981ರ ಮಾರ್ಚ್ 30ರಂದು ಹಿಂಕ್ಲಿ ಅದರಿಂದ ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ಗುಂಡು ಹಾರಿಸಿದ. ರೇಗನ್ ಬದುಕಿದರು. ತಲೆಗೆ ಗುಂಡು ಬಿದ್ದ ಮಾಧ್ಯಮ ಕಾರ್ಯದರ್ಶಿ ಜೇಮ್ಸ್ ಬ್ರಾಡಿ ಉಳಿದ ಬದುಕನ್ನು ಗಾಲಿಕುರ್ಚಿಯಲ್ಲಿ ಕಳೆದರು.

ಬ್ರಾಡಿ ಮತ್ತು ಪತ್ನಿ ಸಾರಾ ಹೋರಾಟಕ್ಕೆ ಇಳಿದರು. 1993ರ ನವೆಂಬರ್ 30ರಂದು ಬ್ರಾಡಿ ಹೆಸರಿನ ಕಾಯ್ದೆ ಬಂತು. ಪರವಾನಗಿ ಹೊಂದಿದ ವ್ಯಾಪಾರಿ ಕೈಬಂದೂಕು ಮಾರುವ ಮುನ್ನ ಕೊಳ್ಳುವವನ ಹಿನ್ನೆಲೆ ತಪಾಸಣೆ ಆಗಲೇಬೇಕು ಎಂದು ಒಕ್ಕೂಟ ಸರ್ಕಾರ ಹೇಳಿದ್ದು ಆಗ. ಹೈಡೆಲ್‌ನ ಕೂಪನ್ ಅಂಚೆಗೆ ಬಿದ್ದು ಮೂವತ್ತು ವರ್ಷ ಕಳೆದಿತ್ತು.

ಇಷ್ಟಾದರೂ ಒಂದು ಬಾಗಿಲು ತೆರೆದೇ ಇದೆ. ವ್ಯಾಪಾರಿಯಲ್ಲದ ವ್ಯಕ್ತಿ ತನ್ನ ಹಳೆಯ ರಿವಾಲ್ವರನ್ನು ಅದೇ ರಾಜ್ಯದ ಇನ್ನೊಬ್ಬನಿಗೆ ಮಾರಿದರೆ ಒಕ್ಕೂಟದ ಕಾನೂನು ಹಿನ್ನೆಲೆ ತಪಾಸಣೆ ಕೇಳುವುದಿಲ್ಲ. ಕೆಲವು ರಾಜ್ಯಗಳು ತಾವೇ ನಿಯಮ ಮಾಡಿಕೊಂಡಿವೆ, ಹಲವು ಮಾಡಿಕೊಂಡಿಲ್ಲ.

ನಮ್ಮಲ್ಲಿ 45 ದಿನ

ನಮ್ಮ ದೇಶ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ನೋಡಿತು. ಹೈಡೆಲ್ ಕೂಪನ್ ತುಂಬುವ ನಾಲ್ಕು ವರ್ಷ ಮೊದಲೇ, 1959ರಲ್ಲಿ, ನಮ್ಮ ಸಂಸತ್ತು ಶಸ್ತ್ರಾಸ್ತ್ರ ಕಾಯ್ದೆ ಮಾಡಿತು.

ಅದರ 3ನೇ ಸೆಕ್ಷನ್ ಪ್ರಕಾರ ಪರವಾನಗಿ ಮೊದಲು, ಆಯುಧ ಆಮೇಲೆ. ಹಳೆಯ ಆಯುಧದ ಕೈಬದಲಿಗೆ 5ನೇ ಸೆಕ್ಷನ್‌ನಲ್ಲಿ ಒಂದು ಷರತ್ತಿದೆ. ಪರವಾನಗಿ ಇರುವವನು ತನ್ನ ಸ್ವಂತ ರಿವಾಲ್ವರನ್ನು ಇನ್ನೊಬ್ಬ ಅರ್ಹನಿಗೆ ಮಾರಬಹುದು. ಆದರೆ ಯಾರಿಗೆ ಮಾರುತ್ತೇನೆ ಎಂಬುದನ್ನು ಹೆಸರು, ವಿಳಾಸ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಾಯಬೇಕು.

ಸೀಪೋರ್ಟ್ ಟ್ರೇಡರ್ಸ್ ಕೊಲೆಯ ನಂತರ ಕೊಟ್ಟ ಮಾಹಿತಿಯನ್ನು ನಮ್ಮ ಕಾಯ್ದೆ ಇಂಥ ಮಾರಾಟಕ್ಕೆ 45 ದಿನ ಮೊದಲೇ ಕೇಳುತ್ತದೆ. ಕಾಗದ ಅದೇ, ಕೇಳುವ ಹೊತ್ತು ಬೇರೆ. ಒಂದು ಜೀವ ಉಳಿಯಲು ಅಷ್ಟು ವ್ಯತ್ಯಾಸ ಸಾಕು.

ನಮ್ಮಲ್ಲಿ ಎಲ್ಲ ಸರಿ ಇದೆ ಎಂದಲ್ಲ. ಕಲಬುರ್ಗಿ, ಗೌರಿಯವರನ್ನು ಕೊಂದ ನಾಡಪಿಸ್ತೂಲಿನಂಥವು ಪರವಾನಗಿ ಇಲ್ಲದೆ, ಬಿಲ್ಲಿಲ್ಲದೆ ಕೈಯಿಂದ ಕೈಗೆ ಸಾಗುತ್ತಲೇ ಇವೆ. ಇನ್ನೊಂದು ಕಡೆ, ಚುನಾವಣೆ ಘೋಷಣೆಯಾದ ಕೂಡಲೇ ಬೆಳೆ ಕಾಯುವ ಮಲೆನಾಡಿನ ರೈತ ಕೋವಿಯನ್ನು ಹೆಗಲಿಗೇರಿಸಿ ಠಾಣೆಗೆ ಒಯ್ದು ರಶೀದಿ ಪಡೆಯುತ್ತಾನೆ. ಕಾಡುಹಂದಿ ನುಗ್ಗುವ ದಿನಗಳಲ್ಲಿ ಅದು ಅವನಿಗೆ ಕಷ್ಟವೇ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಆಯುಧಕ್ಕೆ ಹೂವಿಟ್ಟು ಪೂಜಿಸುತ್ತಾರೆ. ಅಲ್ಲಿ ಕೋವಿ ಯಾರದು, ಯಾವ ಮನೆಯದು ಎಂಬುದು ಇಡೀ ಊರಿಗೆ ಗೊತ್ತು. ಆಯುಧಕ್ಕೆ ಹೆಸರು ಹೇಳುವ ಒಡೆಯನಿದ್ದಾನೆ ಎಂಬುದೇ ದೊಡ್ಡ ಕಾವಲು.

ಒಂದು ವಿನಂತಿ

ಟಿಪಿಟ್ ಸತ್ತ ಸುದ್ದಿ ಕೇಳಿ ಅಮೆರಿಕದ ಸಾಮಾನ್ಯ ಜನ ಅವನ ಹೆಂಡತಿ ಮಾರಿಗೆ ಹಣ ಕಳಿಸಿದರು. ಒಟ್ಟು ಆರು ಲಕ್ಷ ಡಾಲರ್‌ಗೂ ಹೆಚ್ಚು ಸೇರಿತು. ಕೆನಡಿ ಹತ್ಯೆಯ ಚಿತ್ರ ಸೆರೆಹಿಡಿದಿದ್ದ ಏಬ್ರಹಾಂ ಜಪ್ರೂಡರ್ ಅದರ ಮಾರಾಟದಿಂದ ಬಂದ 25 ಸಾವಿರ ಡಾಲರ್ ಕೊಟ್ಟರು. ತಂದೆಯನ್ನು ಕಳೆದುಕೊಂಡ ಮೂರು ಮಕ್ಕಳಿಗೆ ದೇಶ ಕೊಡಬಹುದಾಗಿದ್ದದ್ದು ಅಷ್ಟೇ. ಮಾರಿ 2021ರಲ್ಲಿ ತೀರಿಕೊಂಡರು.

ಈ ಲೇಖನ ಓದುವವರಲ್ಲಿ ಕೆಲವರ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ ಅಜ್ಜನ ಕಾಲದ ಕೋವಿಯೋ ರಿವಾಲ್ವರೋ ಇರಬಹುದು. ಅಜ್ಜ ಹೋದ ಮೇಲೆ ಪರವಾನಗಿ ಯಾರ ಹೆಸರಿಗೂ ಬದಲಾಗಿರದೆ ಇರಬಹುದು. ಒಳ್ಳೆಯ ಬೆಲೆಗೆ ಕೊಳ್ಳುತ್ತೇನೆಂದು ಯಾರಾದರೂ ಬರಬಹುದು, ಅಥವಾ ಅಗ್ಗಕ್ಕೆ ಕೊಡುತ್ತೇನೆಂದು ಯಾರಾದರೂ ನಿಮ್ಮನ್ನು ಕರೆಯಬಹುದು.

ದಯವಿಟ್ಟು ಆ ವ್ಯಾಪಾರಕ್ಕೆ ಒಪ್ಪಬೇಡಿ. ಹೊಂದುವ ಹಕ್ಕು ಮುಗಿದ ಆಯುಧವನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಶಸ್ತ್ರಾಸ್ತ್ರ ಅಂಗಡಿಯಲ್ಲೋ ಠೇವಣಿ ಇಡಬೇಕೆಂದು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಿ ಅರ್ಜಿ ಹಾಕಬಹುದು. ಠಾಣೆಗೆ ಹೋಗಿ, ಆಯುಧ ಒಪ್ಪಿಸಿ, ರಶೀದಿ ಪಡೆಯಿರಿ.